ಉಪ್ಪುಸೊಳೆಯ ಉಂಡ್ಲಕಾಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು) ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೆಂಗಳೂರಿನಲ್ಲಿರುವ ತಂಗಿಯ ಮಗಳು, ಮಂಗಳೂರಿನ ನಾದಿನಿ, ಇಲ್ಲೇ ಬದಿಯಡ್ಕದ ಹತ್ತಿರ ಹೊಸದಾಗಿ ಮದುವೆಯಾಗಿ ಬಂದ ಪಕ್ಕದ ಮನೆಯ ಹುಡುಗಿ, ಎಲ್ಲರೂ ಕೇಳುವುದು ಉಂಡ್ಲಕಾಳಿನ ವಿಷಯವನ್ನೇ. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಬರೆದಿಟ್ಟೆ. ಓದುವ ಮೊದಲು ಒಂದು ಮಾತು ನೆನಪಿರಲಿ. ಈ ತಿಂಡಿ ಕೆಟ್ಟರೆ ತಪ್ಪು ಹೆಚ್ಚಾಗಿ ಹಲಸಿನದ್ದಲ್ಲ, ಅಕ್ಕಿಯದ್ದೂ ಅಲ್ಲ. ಎಲ್ಲೋ ಒಂದು ಕಡೆ ನೀರು ಉಳಿದಿರುತ್ತದೆ.

ಉಂಡ್ಲಕಾಳು ಅಂದರೆ ಏನು? ನಾವು ಹೆಸರೇ ಕೇಳಿಲ್ಲ.

ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ (ತೊಳೆ), ನೆನೆಸಿದ ಅಕ್ಕಿ, ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಕಡೆದು (ರುಬ್ಬಿ), ಸಣ್ಣ ಸಣ್ಣ ಉಂಡೆ ಮಾಡಿ, ತೆಂಗಿನ ಎಣ್ಣೆಯಲ್ಲಿ ಕರಿದರೆ ಉಂಡ್ಲಕಾಳು. ಕಾಸರಗೋಡು, ವಿಟ್ಲ, ಪುತ್ತೂರು ಕಡೆಯ ಮಳೆಗಾಲದ ತಿಂಡಿ. ಉಪ್ಪುಸೊಳೆಗೆ ತುಳುವಿನಲ್ಲಿ ಉಪ್ಪಡ್ ಪಚ್ಚಿರ್ ಎನ್ನುತ್ತಾರೆ. ನಮ್ಮದು ಹತ್ತು ಹೆಜ್ಜೆಗೆ ಮಾತು ಬದಲಾಗುವ ಊರು. ಮನೆಯೊಳಗೆ ಹಲಸು, ಬೇಲಿಯಾಚೆ ಪೆಲಕಾಯಿ, ಪೇಟೆಗೆ ಹೋದರೆ ಚಕ್ಕ. ಮರ ಮಾತ್ರ ಒಂದೇ.

ಇದು ತಮಿಳರ ಸೀಡೈ ತರಹವೇ ಅಲ್ವಾ?

ಆಕಾರ ಅದೇ, ಸಿಡಿಯುವ ಬುದ್ಧಿಯೂ ಅದೇ. ಸೀಡೈಗೆ ಅಕ್ಕಿಹಿಟ್ಟು ಮತ್ತು ಉದ್ದಿನ ಹಿಟ್ಟು. ಇದಕ್ಕೆ ಹಲಸು ಬೇಕು. ರುಚಿ ಪೂರ್ತಿ ಬೇರೆ. ಉಪ್ಪುಸೊಳೆಯ ಹುಳಿ ವಾಸನೆ ಮೊದಲ ಸಲ ಕೆಲವರಿಗೆ ಹಿಡಿಸುವುದಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿದ ಮೇಲೆ ಡಬ್ಬಿ ಮುಚ್ಚಲು ಅವರೇ ಬಿಡುವುದಿಲ್ಲ.

ಯಾವ ಹಲಸು ಆಗಬೇಕು? ಬಕ್ಕೆಯಾ, ತುಳುವವಾ?

ಎರಡೂ ಆಗುತ್ತದೆ. ನನಗೆ ಬಕ್ಕೆಯೇ ಇಷ್ಟ. ಅದರ ಸೊಳೆ ಗಟ್ಟಿ, ಭರಣಿಯಲ್ಲಿ ಕರಗಿದಂತೆ ಆಗುವುದಿಲ್ಲ. ತುಳುವದ ಸೊಳೆ ಮೆತ್ತಗೆ, ಅದನ್ನು ಹಾಕುವುದಾದರೆ ಹಣ್ಣಿನ ಕಡೆ ವಾಲುವ ಮೊದಲೇ ಕೊಯ್ಯಿರಿ.

ಎಳತೂ ಬೇಡ, ಹಣ್ಣೂ ಬೇಡ, ಚೆನ್ನಾಗಿ ಬಲಿತ ಕಾಯಿ ಬೇಕು. ಸೊಳೆ ಕಚ್ಚಿ ನೋಡಿ. ಕರುಕ್ ಎನ್ನಬೇಕು, ಸಿಹಿ ಇರಬಾರದು. ಸಿಹಿ ಬಂದಿದೆ ಎಂದರೆ ಸಕ್ಕರೆ ಬಂದಿದೆ ಎಂದರ್ಥ. ಅಂಥ ಸೊಳೆಯ ಉಂಡೆ ಎಣ್ಣೆಯಲ್ಲಿ ಬೇಗ ಕೆಂಪಾಗುತ್ತದೆ. ಹೊರಗೆ ನೋಡಿದರೆ ಬೆಂದ ಹಾಗೆ, ಒಳಗೆ ಹಸಿ. ಹಾಗೆ ಹಣ್ಣಾಗಿಯೇ ಹೋಯಿತು ಎಂದಾದರೆ ಬೆಲ್ಲ, ಅಕ್ಕಿ ಸೇರಿಸಿ ಸುಟ್ಟವು ಎಂಬ ಸಿಹಿತಿಂಡಿ ಕರಿಯಿರಿ. ಅದೂ ಒಳ್ಳೆಯದೇ.

ಉಪ್ಪುಸೊಳೆ ಹಾಕುವುದು ಹೇಗೆ?

ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ. ಕೈಗೂ ಕತ್ತಿಗೂ ತೆಂಗಿನ ಎಣ್ಣೆ ಸವರಿಕೊಳ್ಳಿ. ಇಲ್ಲದಿದ್ದರೆ ಮಯಣ (ಹಲಸಿನ ಅಂಟು) ಎರಡು ದಿನ ನಿಮ್ಮನ್ನು ಬಿಡುವುದಿಲ್ಲ. ಸೊಳೆ ಬಿಡಿಸಿ, ಬೇಳೆ (ಬೀಜ) ತೆಗೆದು, ಉದ್ದಕ್ಕೆ ಎರಡು ಮೂರು ಸೀಳು ಮಾಡಿ. ತೊಳೆಯಬೇಡಿ. ತೊಳೆಯಲೇಬೇಕು ಅನಿಸಿದರೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ.

ನಾನು ಹಾಕುವ ಲೆಕ್ಕ ಐದು ಪಾತ್ರೆ ಸೊಳೆಗೆ ಅದೇ ಪಾತ್ರೆಯಲ್ಲಿ ಒಂದು ಕಲ್ಲುಪ್ಪು. ಒಂದು ಪದರ ಸೊಳೆ, ಒಂದು ಹಿಡಿ ಉಪ್ಪು, ಹೀಗೇ ಮೇಲಿನವರೆಗೆ. ಕೊನೆಯ ಪದರ ಉಪ್ಪಿನದ್ದೇ ಇರಲಿ. ನೀರು ಹಾಕುವುದಿಲ್ಲ. ಉಪ್ಪೇ ಸೊಳೆಯಿಂದ ನೀರು ಎಳೆಯುತ್ತದೆ. ಎರಡು ದಿನದಲ್ಲಿ ಸೊಳೆ ಕುಗ್ಗಿ ರಸ ಮೇಲೆ ಬರುತ್ತದೆ. ಆಗ ಒಂದು ತಟ್ಟೆ ಮುಚ್ಚಿ, ಅದರ ಮೇಲೆ ತೊಳೆದು ಒಣಗಿಸಿದ ಕಲ್ಲು ಇಡಿ. ಸೊಳೆ ಸದಾ ಉಪ್ಪುನೀರಿನ ಅಡಿಯಲ್ಲೇ ಇರಬೇಕು. ಮೇಲೆ ತಲೆ ಎತ್ತಿದ ಸೊಳೆಯೇ ಮೊದಲು ಹಾಳಾಗುವುದು. ಸ್ಟೀಲು, ಅಲ್ಯೂಮಿನಿಯಂ ಪಾತ್ರೆ ಬೇಡ, ಪಿಂಗಾಣಿ ಅಥವಾ ಗಾಜಿನ ಭರಣಿಯೇ ಆಗಬೇಕು. ಹೀಗೆ ಹಾಕಿದ್ದು ಮುಂದಿನ ಹಲಸಿನ ಕಾಲದವರೆಗೂ ಬರುತ್ತದೆ.

ಕೇರಳ ಸರ್ಕಾರ 2018ರ ಮಾರ್ಚ್ 21ರಂದು ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಸಂತೋಷ. ನಮ್ಮ ತೋಟದ ಮೂಲೆಯಲ್ಲಿ ಮಾತ್ರ ಜೂನಿನ ಮಳೆಗೆ ದೊಪ್ಪನೆ ಬಿದ್ದು ಕೊಳೆಯುವುದು ಹಾಗೇ ನಡೆದಿದೆ. ಹತ್ತು ಕಾಯಿಯನ್ನು ಮೇಯಲ್ಲೇ ಭರಣಿಗೆ ಹಾಕಿದರೆ ಅಷ್ಟಾದರೂ ಉಳಿಯಿತು.

ಭರಣಿ ಬಿಚ್ಚಿದರೆ ಮೇಲೆ ಬಿಳಿ ಪೊರೆ ಕಟ್ಟಿದೆ. ಬಿಸಾಡಬೇಕಾ?

ಬಿಳಿ, ತೆಳು ಪೊರೆ ಮಾತ್ರ ಇದ್ದು, ಕೆಳಗಿನ ಸೊಳೆ ಗಟ್ಟಿಯಾಗಿದ್ದು, ವಾಸನೆ ಹುಳಿ ಉಪ್ಪಿನದ್ದೇ ಆದರೆ ಬಿಸಾಡಬೇಡಿ. ಪೊರೆಯನ್ನೂ ಮೇಲಿನ ಒಂದು ಪದರ ಸೊಳೆಯನ್ನೂ ತೆಗೆದುಹಾಕಿ, ಉಳಿದದ್ದನ್ನು ಬಳಸಿ. ಕಪ್ಪು, ಹಸಿರು, ಗುಲಾಬಿ ಬಣ್ಣದ ಬೂಸ್ಟು ಬಂದಿದ್ದರೆ ಅಥವಾ ಸೊಳೆ ಲೋಳೆ ಲೋಳೆಯಾಗಿದ್ದರೆ ಮರುಮಾತಿಲ್ಲದೆ ಗೊಬ್ಬರದ ಗುಂಡಿಗೆ. ಇದರಲ್ಲಿ ಜಿಪುಣತನ ಬೇಡ. ಮತ್ತೆ, ಭರಣಿಗೆ ಒದ್ದೆ ಕೈ ಹಾಕಿದವರು ಯಾರು ಎಂದು ಮನೆಯಲ್ಲಿ ವಿಚಾರಿಸಿ.

ನಮ್ಮ ಹತ್ತಿರ ಉಪ್ಪುಸೊಳೆ ಇಲ್ಲ. ಹಸಿ ಸೊಳೆಯಲ್ಲಿ ಆಗುತ್ತದಾ?

ಆಗುತ್ತದೆ. ಬಲಿತ ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ, ಅಕ್ಕಿಯ ಜೊತೆ ಕಡೆಯುವಾಗ ಉಪ್ಪು ಸೇರಿಸಿ. ಗರಿಗರಿಯಾಗಿ ಬರುತ್ತದೆ. ಆ ಹುಳಿ ಪರಿಮಳ ಮಾತ್ರ ಸಿಗುವುದಿಲ್ಲ. ಊರಿನಿಂದ ಬರುವವರ ಕೈಯಲ್ಲಿ ಒಂದು ಬಾಟಲಿ ತರಿಸಿಕೊಳ್ಳಿ. ಹಲಸು ಮೇಳಗಳಲ್ಲೂ ಮಾರಾಟಕ್ಕೆ ಇಡುತ್ತಾರೆ.

ಸೊಳೆಯ ಉಪ್ಪು ಬಿಡಿಸುವುದು ಎಷ್ಟು ಹೊತ್ತು?

ಹಿಂದಿನ ರಾತ್ರಿ ಸೊಳೆ ತೆಗೆದು ಧಾರಾಳ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರು ಹಾಕಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಬದಲಿಸಿ. ಆಮೇಲೆ ಒಂದು ತುಂಡು ಬಾಯಿಗೆ ಹಾಕಿ ನೋಡಿ. ಊಟದ ಪಲ್ಯಕ್ಕಿಂತ ಒಂದು ಹಿಡಿತ ಜಾಸ್ತಿ ಉಪ್ಪು ಅನಿಸಬೇಕು, ಅಷ್ಟೇ. ಅಕ್ಕಿ ಸೇರಿದಾಗ ಸಮ ಆಗುತ್ತದೆ. ಪೂರ್ತಿ ಸಪ್ಪೆ ಮಾಡಿದರೆ ಪರಿಮಳವೂ ನೀರಿನ ಜೊತೆ ಹೋಯಿತು.

ಹಿಟ್ಟಿಗೆ ಬೇರೆ ಉಪ್ಪು ಹಾಕುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಅಭ್ಯಾಸಬಲದಿಂದ ಒಂದು ಚಮಚ ಉಪ್ಪು ಹಾಕಿಬಿಟ್ಟಿದ್ದೆ. ಮಾವ ಒಂದು ಕಾಳು ತಿಂದು ಏನೂ ಹೇಳಲಿಲ್ಲ. ಎದ್ದು ಹೋಗಿ ಒಂದು ಚೊಂಬು ಮಜ್ಜಿಗೆ ಕುಡಿದು ಬಂದು, ಇನ್ನೊಂದು ಕಾಳು ತೆಗೆದುಕೊಂಡರು.

ಕೊನೆಗೆ ಹಿಂಡುವುದು. ಇದೇ ಮುಖ್ಯ. ಎರಡೂ ಅಂಗೈ ನಡುವೆ ಇಟ್ಟು, ಇನ್ನು ಒಂದು ಹನಿಯೂ ಬೀಳುವುದಿಲ್ಲ ಎನ್ನುವವರೆಗೆ ಹಿಂಡಿ. ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಕಲ್ಲಿನಡಿ ಇಡಿ. ಬಟ್ಟೆ ಬಿಚ್ಚುವಾಗ ಮತ್ತೆ ಒಂದು ಬಟ್ಟಲು ನೀರು ಇಳಿದಿರುತ್ತದೆ. ನೀವೇ ನೋಡಿ.

ಅಳತೆ ಹೇಳಿ.

ಹಿಂಡಿದ ಸೊಳೆ ಎರಡು ಲೋಟ. ನಾಲ್ಕು ಗಂಟೆ ನೆನೆಸಿ, ನೀರು ಬಸಿದ ಬೆಳ್ತಿಗೆ ಅಕ್ಕಿ (ಕುಚ್ಚಿಲಲ್ಲದ ಬಿಳಿ ಅಕ್ಕಿ) ಎರಡು ಲೋಟ. ತೆಂಗಿನ ತುರಿ ಅರ್ಧ ಲೋಟ. ಜೀರಿಗೆ ಒಂದು ಚಮಚ. ಇಷ್ಟೇ. ಕೆಲವರು ಕೊತ್ತಂಬರಿ, ಒಣಮೆಣಸು ಹಾಕುತ್ತಾರೆ. ಹಾಕಲಿ, ನನ್ನ ಬಾಣಲೆಯಲ್ಲಿ ಬೇಡ.

ಸೊಳೆ ಜಾಸ್ತಿಯಾದರೆ ಕಾಳು ಮೆತ್ತಗಾಗಿ ಎಣ್ಣೆ ಕುಡಿಯುತ್ತದೆ. ಅಕ್ಕಿ ಜಾಸ್ತಿಯಾದರೆ ಗಟ್ಟಿಯಾಗುತ್ತದೆ. ತೆಂಗಿನ ತುರಿ ಬರೀ ರುಚಿಗಲ್ಲ. ಅದು ಹಿಟ್ಟಿನ ಬಿಗಿ ಸಡಿಲಿಸಿ, ಹಲ್ಲಿಗೆ ಸುಲಭ ಮಾಡುತ್ತದೆ. ಕುಚ್ಚಿಲಕ್ಕಿ ಹಾಕಬೇಡಿ, ಒಮ್ಮೆ ಬೆಂದ ಅಕ್ಕಿ ಅದು. ನನಗೆ ಅದರಲ್ಲಿ ಈ ಗರಿ ಯಾವತ್ತೂ ಬಂದಿಲ್ಲ.

ಮಿಕ್ಸಿಯಲ್ಲಿ ಆಗುತ್ತದಾ?

ಆಗುತ್ತದೆ, ಮಿಕ್ಸಿಯ ಆಯುಷ್ಯ ಗಟ್ಟಿ ಇದ್ದರೆ. ನೀರು ಹಾಕದೆ ಕಡೆಯುವ ಹಿಟ್ಟು ಇದು, ಬ್ಲೇಡು ತಿರುಗಲು ಒದ್ದಾಡುತ್ತದೆ. ನಮ್ಮದೊಂದು ಮಿಕ್ಸಿ ಹೀಗೇ ಹೊಗೆ ಬಿಟ್ಟು ಕಣ್ಣುಮುಚ್ಚಿತು. ವಾರಂಟಿ ಮುಗಿದು ಹನ್ನೊಂದು ದಿನ ಆಗಿತ್ತು. ಮಿಕ್ಸಿಯೇ ಗತಿ ಎಂದಾದರೆ ಮೊದಲು ಅಕ್ಕಿಯನ್ನು ಮಾತ್ರ ಪುಡಿ ಮಾಡಿ, ಆಮೇಲೆ ಸೊಳೆಯನ್ನು ಹಿಡಿ ಹಿಡಿಯಾಗಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಗ್ರೈಂಡರ್ ಇದ್ದರೆ ಚಿಂತೆ ಇಲ್ಲ. ಕಡೆಯುವ ಕಲ್ಲಿನಲ್ಲಿ ಮಾಡಿದ್ದೇ ಎಲ್ಲಕ್ಕಿಂತ ರುಚಿ. ಆದರೆ ಅದನ್ನು ಹೇಳುವವರು ಯಾರೂ ಕಲ್ಲಿನ ಮುಂದೆ ಕೂರುವವರಲ್ಲ, ನಾನೂ ಸೇರಿ.

ಹಿಟ್ಟು ಕೈಗೆ ಅಂಟುತ್ತದೆ, ಉಂಡೆ ಆಗುವುದಿಲ್ಲ.

ನೀರು. ಅಕ್ಕಿಹಿಟ್ಟನ್ನು ಬಾಣಲೆಯಲ್ಲಿ ಸುಮ್ನೆ ಬೆಚ್ಚಗೆ ಮಾಡಿ, ತಣಿದ ಮೇಲೆ ಚಮಚ ಚಮಚವಾಗಿ ಸೇರಿಸಿ. ಅದಕ್ಕೂ ಮೊದಲು ಹಿಟ್ಟನ್ನು ದಪ್ಪ ಹತ್ತಿ ಬಟ್ಟೆಯ ಮೇಲೆ ಹರಡಿ ಕಾಲು ಗಂಟೆ ಬಿಟ್ಟು ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕೈಗೆ ನೀರು ಸವರಿಕೊಂಡು ಉಂಡೆ ಕಟ್ಟುವ ಅಭ್ಯಾಸ ಇದ್ದರೆ ಇವತ್ತೊಂದು ದಿನ ಬಿಡಿ. ಎಣ್ಣೆ ಸವರಿಕೊಳ್ಳಿ.

ಉಂಡೆ ಎಷ್ಟು ದೊಡ್ಡದು ಇರಬೇಕು?

ಕಾಬೂಲಿ ಕಡಲೆಗಿಂತ ಸ್ವಲ್ಪ ದೊಡ್ಡದು. ಅಡಿಕೆಯಷ್ಟು ದೊಡ್ಡದು ಬೇಡವೇ ಬೇಡ. ಎರಡು ಲೋಟ ಅಕ್ಕಿಯ ಹಿಟ್ಟೆಂದರೆ ನೂರಾರು ಉಂಡೆ, ಒಬ್ಬರೇ ಕೂತರೆ ಬೆನ್ನು ಹೋಗುತ್ತದೆ. ಇದು ಮನೆಯವರೆಲ್ಲ ಕೂತು ಮಾಡುವ ಕೆಲಸ. ಜಗಲಿಯಲ್ಲಿ ಬಾಳೆಲೆ ಹಾಸಿ, ಮಕ್ಕಳನ್ನು ಸುತ್ತ ಕೂರಿಸಿ. ಮಕ್ಕಳು ಕಟ್ಟಿದ ಉಂಡೆ ಒಂದು ನೆಲ್ಲಿಕಾಯಿ, ಒಂದು ಸಾಸಿವೆ. ಅವನ್ನು ಬೇರೆ ಇಟ್ಟು, ಗಾತ್ರ ನೋಡಿ ಬೇರೆ ಬೇರೆ ಒಬ್ಬೆ (ಒಂದು ಸಲಕ್ಕೆ ಎಣ್ಣೆಗೆ ಹಾಕುವಷ್ಟು) ಕರಿಯಿರಿ. ಒಟ್ಟಿಗೆ ಹಾಕಿದರೆ ಸಣ್ಣದು ಕರಿಕಲಾಗುವ ಹೊತ್ತಿಗೆ ದೊಡ್ಡದು ಇನ್ನೂ ಹಿಟ್ಟು. ತಾಳ್ಮೆ ಇಲ್ಲದವರು ಹಿಟ್ಟನ್ನು ಹಗ್ಗದ ಹಾಗೆ ಉದ್ದಕ್ಕೆ ಹೊಸೆದು ಚೂರಿಯಿಂದ ತುಂಡು ಮಾಡಬಹುದು. ಆಕಾರ ಕೆಟ್ಟಿತು ಎಂದು ಅಜ್ಜಿ ಬೈಯುತ್ತಾರೆ. ರುಚಿಗೆ ಏನೂ ಆಗುವುದಿಲ್ಲ.

ಎಣ್ಣೆಗೆ ಹಾಕಿದ ಕೂಡಲೇ ಪಟಾಕಿಯ ಹಾಗೆ ಸಿಡಿಯಿತು! ಯಾಕೆ?

ಇದು ತಮಾಷೆಯ ವಿಷಯ ಅಲ್ಲ. ಸಿಡಿದ ಕಾಳಿನ ಜೊತೆ ಕುದಿಯುವ ಎಣ್ಣೆಯೂ ಮುಖಕ್ಕೆ ಬರುತ್ತದೆ. ಒಂದು ಸಲ ನಮ್ಮ ಅಡುಗೆಮನೆಯ ಹಂಚಿನ ಮಾಡಿಗೆ ಹೋಗಿ ಅಂಟಿತ್ತು. ಕನ್ನಡಕ ಇದ್ದುದರಿಂದ ನನ್ನ ಕಣ್ಣು ಉಳಿಯಿತು.

ಆಗುವುದು ಇಷ್ಟು. ನೀರು ಹಬೆಯಾದರೆ ಅದಕ್ಕೆ ಮೊದಲಿಗಿಂತ 1,600 ಪಟ್ಟಿಗೂ ಜಾಸ್ತಿ ಜಾಗ ಬೇಕು. ಉಂಡೆಯ ಹೊರಗೆ ಗಟ್ಟಿ ಚಿಪ್ಪು ಕಟ್ಟಿ, ಒಳಗೆ ನೀರು ಉಳಿದಿದ್ದರೆ ಹಬೆಗೆ ಹೊರಗೆ ಬರಲು ದಾರಿ ಇಲ್ಲ. ಚಿಪ್ಪು ಒಡೆದುಕೊಂಡೇ ಬರುತ್ತದೆ. ಅದಕ್ಕೆ ಉಂಡೆಯನ್ನು ಗೋಲಿಯ ಹಾಗೆ ನುಣುಪಾಗಿ, ಬಿಗಿಯಾಗಿ ಉರುಟು ಮಾಡಬೇಡಿ. ಮೇಲೆ ಸಣ್ಣ ಸಣ್ಣ ಬಿರುಕು ಕಂಡರೆ ಒಳ್ಳೆಯದೇ, ಹಬೆಗೆ ಕಿಟಕಿ ಅವು. ಹಿಟ್ಟಿನಲ್ಲಿ ಕಡೆಯದ ಸೊಳೆಯ ನಾರು, ಗಂಟು ಉಳಿಯಬಾರದು. ಅದರಲ್ಲೇ ನೀರು ಅಡಗಿರುತ್ತದೆ. ಉಂಡೆ ಕಟ್ಟಿದ ಮೇಲೆ ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಅರ್ಧ ಗಂಟೆ ಆರಲು ಬಿಡಿ. ಎಣ್ಣೆ ಹೊಗೆಯಾಡುವಷ್ಟು ಕಾದಿರಬಾರದು. ಅಷ್ಟು ಕಾದರೆ ಚಿಪ್ಪು ಕ್ಷಣದಲ್ಲಿ ಬಿಗಿದುಕೊಳ್ಳುತ್ತದೆ.

ಮೊದಲು ಒಂದೇ ಒಂದು ಉಂಡೆ ಹಾಕಿ, ಎರಡು ಹೆಜ್ಜೆ ಹಿಂದೆ ನಿಂತು, ಮೂರು ನಿಮಿಷ ನೋಡಿ. ಸಿಡಿಯಿತೋ, ಉಳಿದದ್ದನ್ನು ಇನ್ನಷ್ಟು ಆರಿಸಿ. ಬಾಣಲೆಗೆ ತಟ್ಟೆ ಮುಚ್ಚಬೇಡಿ. ತಟ್ಟೆಯಡಿ ಕಟ್ಟಿದ ಹಬೆ ನೀರಾಗಿ ಎಣ್ಣೆಗೇ ಬೀಳುತ್ತದೆ. ಬಲೆ ಇರುವ ಮುಚ್ಚಳ ಸಿಕ್ಕಿದರೆ ಅದನ್ನು ಇಡಿ. ಮಕ್ಕಳು ಜಗಲಿಯಲ್ಲೇ ಇರಲಿ.

ತೆಂಗಿನ ಎಣ್ಣೆಯೇ ಆಗಬೇಕಾ?

1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನ ಕಡೆಯವಳು ನಾನು. ಬೇರೆ ಎಣ್ಣೆ ಹಾಕಿ ಎಂದು ಹೇಗೆ ಹೇಳಲಿ? ಪಕ್ಷಪಾತ ಬಿಟ್ಟು ಹೇಳಿದರೂ ಇದಕ್ಕೆ ತೆಂಗಿನ ಎಣ್ಣೆಯೇ ಸರಿ. ಕರಿದ ತಿಂಡಿ ಬೇಗ ಕಮಟುವುದಿಲ್ಲ, ಹಲಸಿನ ಪರಿಮಳಕ್ಕೂ ಹೊಂದುತ್ತದೆ. ಗಾಣದ ಎಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡಲು ಶುರುವಾಗುತ್ತದೆ. ಉಂಡ್ಲಕಾಳಿಗೆ 150ರಿಂದ 160 ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಉಂಡೆ ಹಾಕಿ. ಅಡಿಗೆ ಹೋಗಿ, ಗುಳ್ಳೆ ಬಿಡುತ್ತಾ ನಿಧಾನ ಮೇಲೆ ಬಂದರೆ ಹದ. ಹಾಕಿದ ಕೂಡಲೇ ಮೇಲೆ ಹಾರಿದರೆ ಉರಿ ತಗ್ಗಿಸಿ. ಬೆಂಗಳೂರಿನವರು ಶೇಂಗಾ ಎಣ್ಣೆಯಲ್ಲಿ ಕರಿದರೆ ನಾನು ಬೈಯುವುದಿಲ್ಲ, ಆದರೆ ನನಗೆ ಕಳಿಸಬೇಡಿ.

ಎಷ್ಟು ಹೊತ್ತು ಕರಿಯಬೇಕು? ಆಯಿತು ಎಂದು ಹೇಗೆ ಗೊತ್ತಾಗುತ್ತದೆ?

ಒಂದು ಒಬ್ಬೆಗೆ ಇಪ್ಪತ್ತು ನಿಮಿಷ, ಕೆಲವೊಮ್ಮೆ ಇಪ್ಪತ್ತೈದು. ಚಕ್ಕುಲಿಯ ಹಾಗೆ ಅಲ್ಲ ಇದು.

ಬಣ್ಣ ನೋಡಬೇಡಿ, ಕಿವಿ ಕೊಡಿ. ಹಾಕಿದ ಹೊತ್ತಿಗೆ ಜೋರು ಮಳೆಯ ಸದ್ದು, ಬಾಣಲೆ ತುಂಬ ಬಿಳಿ ನೊರೆ. ಹತ್ತು ನಿಮಿಷಕ್ಕೆ ಮಳೆ ಹನಿಯಾಗುತ್ತದೆ, ನೊರೆ ಬದಿಗೆ ಸರಿದು ಕಾಳು ಕಾಣಿಸುತ್ತದೆ. ಆಮೇಲೆ ಝಾರದಲ್ಲಿ ಕೈಯಾಡಿಸಿದಾಗ ಹೊಸ ಸದ್ದು ಶುರುವಾಗುತ್ತದೆ. ಮೊದಲು ದಪ್‌ದಪ್ ಎನ್ನುತ್ತಿದ್ದ ಉಂಡೆಗಳು ಗಲಗಲ ಎನ್ನುತ್ತವೆ, ಒಣ ಅಡಿಕೆ ಗೋಣಿಯಿಂದ ಅಂಗಳಕ್ಕೆ ಸುರಿದ ಹಾಗೆ. ನೊರೆ ಪೂರ್ತಿ ನಿಂತು, ಗಲಗಲ ಸದ್ದು ಬಂದರೆ ತೆಗೆಯಿರಿ. ಬಣ್ಣ ಆಗ ಹೊಂಬಣ್ಣಕ್ಕಿಂತ ಒಂದು ಛಾಯೆ ಕೆಂಪು. ತೆಗೆದ ಮೇಲೂ ಸ್ವಲ್ಪ ಗಾಢವಾಗುತ್ತದೆ, ಅದಕ್ಕೆ ಬಾಣಲೆಯಲ್ಲೇ ಕಂದು ಮಾಡಬೇಡಿ.

ಬಾಣಲೆಯನ್ನು ತುಂಬಿಸಬೇಡಿ. ಜಾಸ್ತಿ ಹಾಕಿದರೆ ಎಣ್ಣೆ ತಣಿದು, ಉಂಡೆ ಎಣ್ಣೆ ಕುಡಿಯುತ್ತದೆ. ಹಾಕಿದ ಕೂಡಲೇ ಕೈಯಾಡಿಸಲೂ ಬೇಡ, ಒಡೆಯುತ್ತದೆ. ಎರಡು ನಿಮಿಷ ಕಾಯಿರಿ.

ಬಿಸಿ ಇರುವಾಗ ಗರಿಗರಿ, ಮರುದಿನ ಮೆತ್ತಗೆ. ಏನು ಮಾಡಲಿ?

ಒಳಗೆ ನೀರು ಉಳಿದಿತ್ತು. ರಾತ್ರಿಯಿಡೀ ಅದು ಹೊರಗಿನ ಚಿಪ್ಪಿಗೆ ಬಂದು ಮೆತ್ತಗೆ ಮಾಡಿದೆ. ಇನ್ನೊಮ್ಮೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕರಿದರೆ ಸರಿಹೋಗುತ್ತದೆ. ಒಂದು ಕಾಳು ಒಡೆದು ನೋಡಿ. ನಡುವೆ ಮಂಕು ಚುಕ್ಕೆ, ಹಿಟ್ಟಿನ ಹಾಗೆ ಕಂಡರೆ ಇನ್ನೂ ಆಗಿಲ್ಲ.

ಕಲ್ಲಿನ ಹಾಗೆ ಆಯಿತು.

ಅಕ್ಕಿ ಜಾಸ್ತಿ, ತೆಂಗಿನಕಾಯಿ ಕಡಿಮೆ, ಅಥವಾ ಅಂಟುತ್ತದೆ ಎಂದು ಅಕ್ಕಿಹಿಟ್ಟು ಸುರಿದಿದ್ದೀರಿ. ಮಾಡಿದ್ದಕ್ಕೆ ಮದ್ದಿಲ್ಲ. ಮುಂದಿನ ಸಲ ಸರಿ ಮಾಡಿ.

ಏರ್ ಫ್ರೈಯರ್‌ನಲ್ಲಿ ಆಗುತ್ತದಾ?

ತಂಗಿಯ ಮಗಳು ಮಾಡಿ ನೋಡಿದಳು. ಹೊರಗೆ ಒಣಗಿತು, ಒಳಗೆ ರಬ್ಬರು. ಆದರೆ ಕರಿದು ಮೆತ್ತಗಾದ ಕಾಳನ್ನು ಮತ್ತೆ ಗರಿ ಮಾಡಲು ಒಳ್ಳೆಯದಂತೆ.

ಎಷ್ಟು ದಿನ ಇಡಬಹುದು?

ನೀರು ಪೂರ್ತಿ ಹೋಗಿದ್ದರೆ ಹದಿನೈದು ದಿನ ಆರಾಮ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು, ಆಟಿಯಲ್ಲಿ ಉಪ್ಪಿನ ಡಬ್ಬಿಯೂ ಬೆವರುತ್ತದೆ. ಕಾಳು ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಿ. ದೊಡ್ಡ ಡಬ್ಬಿ ಬೇಡ, ನಾಲ್ಕು ಸಣ್ಣ ಡಬ್ಬಿ ಮಾಡಿ. ದಿನಕ್ಕೆ ಹತ್ತು ಸಲ ತೆರೆಯುವ ಡಬ್ಬಿ ಮೊದಲು ಮೆತ್ತಗಾಗುತ್ತದೆ. ನಮ್ಮಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ, ಮೂರನೇ ದಿನಕ್ಕೆ ಖಾಲಿ.

ಸಿಹಿ ಮಾಡಬಹುದಾ?

ಕರಿದ ಕಾಳನ್ನು ಬೆಲ್ಲದ ಗಟ್ಟಿ ಪಾಕದಲ್ಲಿ ಹೊರಳಿಸಿ ಆರಿಸುವವರಿದ್ದಾರೆ. ಉಪ್ಪು, ಹುಳಿ, ಸಿಹಿ ಮೂರೂ ಒಟ್ಟಿಗೆ ಸಿಗುತ್ತದೆ. ಅದಕ್ಕೆ ಸೊಳೆಯ ಉಪ್ಪನ್ನು ಇನ್ನೊಂದು ನೀರು ಜಾಸ್ತಿ ಬಿಡಿಸಿ.

ಹೊಟ್ಟೆಗೆ ಭಾರ ಅಲ್ವಾ? ಬಿ.ಪಿ. ಇರುವವರು ತಿನ್ನಬಹುದಾ?

ಭಾರ ಹೌದು. ಹಸಿದು ಹಲಸು, ಉಂಡು ಮಾವು ಎನ್ನುತ್ತಾರಲ್ಲ, ಊಟದ ಮೇಲೆ ಇದನ್ನು ಮುಕ್ಕಬೇಡಿ. ಸಂಜೆ ಚಹಾದ ಜೊತೆ ಒಂದು ಹಿಡಿ. ಎಷ್ಟು ಬಿಡಿಸಿದರೂ ಉಪ್ಪು ಉಳಿದೇ ಇರುತ್ತದೆ, ಹಾಗಾಗಿ ಬಿ.ಪಿ. ಇದ್ದವರಿಗೆ ಹಸಿ ಸೊಳೆಯದ್ದು ಮಾಡಿಕೊಡುವುದು ಒಳ್ಳೆಯದು.

ಸಣ್ಣ ಮಕ್ಕಳಿಗೂ, ಹಲ್ಲಿಲ್ಲದವರಿಗೂ ಕೊಡಬಹುದಾ?

ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ಕಾಳು ಕೊಡಲೇಬಾರದು. ಉರುಟು, ಗಟ್ಟಿ, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ. ಪುಡಿ ಮಾಡಿ ಕೊಡಿ.

ನಮ್ಮ ಅಜ್ಜನಿಗೆ ಕೊನೆಕೊನೆಗೆ ಒಂದು ಹಲ್ಲೂ ಇರಲಿಲ್ಲ, ಉಂಡ್ಲಕಾಳಿನ ಆಸೆ ಮಾತ್ರ ಹೋಗಿರಲಿಲ್ಲ. ಅವರ ಎಲೆಯಡಿಕೆಯ ಕುಟ್ಟಾಣಿಯಲ್ಲೇ ನಾಲ್ಕು ಕಾಳು ಕುಟ್ಟಿ ಕೊಟ್ಟೆ. ಮರುದಿನ ವೀಳ್ಯದಲ್ಲೆಲ್ಲ ಜೀರಿಗೆ ವಾಸನೆ ಎಂದು ಬೆಳಗಿನಿಂದ ಗೊಣಗಿದರು. ಸಂಜೆ ಚಹಾದ ಹೊತ್ತಿಗೆ ಕುಟ್ಟಾಣಿಯನ್ನು ತಾವೇ ತೊಳೆದು, ಒರೆಸಿ, ನನ್ನ ಮುಂದೆ ತಂದಿಟ್ಟರು.